ಕೊಟ್ರಪ್ಪನ ಸಿಂಹಾಸನವನ್ನು ಮೂಸಿದ ಯಂತ್ರ

ಮೇಲೆ ಹೊದಿಸಿದ್ದ ಮಂಟಪದ ಹಳೇ ಜರಿಬಟ್ಟೆಯನ್ನು ಮರುಳಸಿದ್ಧ ಸರ್ರನೆ ಎಳೆದಾಗ ಮೊದಲು ಕಂಡದ್ದು ಯಂತ್ರದ ಮೂಗು. ಅದು ಮೂಗು ಎಂದು ಅವನೇ ಹೇಳಬೇಕಾಯಿತು. ಅಂಗಳದಲ್ಲಿ ನಿಂತವರ ಕಣ್ಣಿಗೆ ಅದು ಮದುವೆಮನೆಯ ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಪನ್ನೀರುದಾನಿಯಾಗಿಯೇ ಕಂಡಿತ್ತು.

“ನಮ್ಮ ಗೋಡೌನಿಂದು ಅಲ್ವೇನೋ ಅದು?” ಎಂದ ಕೊಟ್ರಪ್ಪ.

“ಹೌದು ಭಾವ. ಉದ್ದ ಕುತ್ತಿಗೆ, ತುದೀಲಿ ಸಣ್ಣ ತೂತು. ಮೂಸೋಕೆ ಇದಕ್ಕಿಂತ ಚಲೋದು ಬಜಾರದಾಗೆ ಸಿಗಲ್ಲ.”

“ಒಂದು ಮಾತು ಕೇಳಿ ತಗೋಬೇಕು ಅನ್ನೋದು ಇಲ್ವಾ?”

“ಕೇಳಿದ್ರೆ ಕೊಡ್ತಿರಲಿಲ್ಲವಲ್ಲ ನೀವು.”

ದಾವಣಗೆರೆಯ ಹಳೇಪೇಟೆಯಲ್ಲಿ ‘ಕೊಟ್ರಪ್ಪ ಶಾಮಿಯಾನ ಮತ್ತು ಪಾತ್ರೆ’ ಎಂದರೆ ಗೊತ್ತಿಲ್ಲದವರಿಲ್ಲ. ಮದುವೆ, ಗೃಹಪ್ರವೇಶ, ತಿಥಿ, ಯಾವುದೇ ಇರಲಿ, ಚಪ್ಪರದಿಂದ ಹಿಡಿದು ಸೌಟಿನ ತನಕ ಬಾಡಿಗೆಗೆ ಕೊಡುವುದು ಅವನ ಕಸುಬು. ಮರುಳಸಿದ್ಧ ಅವನ ಹೆಂಡತಿ ಸರ್ವಮಂಗಳಳ ತಮ್ಮ. ಪಾಲಿಟೆಕ್ನಿಕ್ಕಿನ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದವನು ಅಲ್ಲಿನ ಉಪಕರಣಗಳನ್ನೆಲ್ಲ ಒಂದೊಂದಾಗಿ ಸುಧಾರಿಸಿದ್ದರಿಂದ ಕೆಲಸ ಬಿಟ್ಟು ಬರಬೇಕಾಯಿತು. ಈಗ ಅಕ್ಕನ ಮನೆಯ ಹಿತ್ತಲೇ ಅವನ ಪ್ರಯೋಗಾಲಯ, ಭಾವನ ಗೋಡೌನೇ ಅವನ ಬಿಡಿಭಾಗಗಳ ಅಂಗಡಿ.

“ಇದರ ಹೆಸರು ಉದ್ದೇಶಮಾಪಕ,” ಎಂದು ಅವನು ಗಂಟಲು ಸರಿಮಾಡಿಕೊಂಡ. “ದುಡ್ಡು ಕೈ ಬಿಡೋ ಹೊತ್ತಿಗೆ ಮನುಷ್ಯನ ಅಂಗೈ ಬೆವರುತ್ತೆ. ಅಗತ್ಯಕ್ಕೆ ಕೊಂಡರೆ ಒಂಥರ ಬೆವರು, ವ್ಯಾಪಾರಕ್ಕೆ ಕೊಂಡರೆ ಒಂಥರ, ಹೆದರಿ ಕೊಂಡರೆ ಇನ್ನೊಂಥರ. ಆ ಹೊತ್ತಿನಾಗೆ ಯಾರ ಮುಖ ನೆನಪಾಯ್ತೋ ಅದೂ ಬೆವರಿನಾಗೆ ಇಳಿದಿರುತ್ತೆ. ಕೊಂಡ ವಸ್ತುವಿಗೆ ಅದು ಅಂಟಿತು ಅಂದ್ರೆ ಜನ್ಮಕ್ಕೂ ಹೋಗಲ್ಲ. ಮೂಸಿ ಹೇಳೋದಷ್ಟೇ ಈ ಯಂತ್ರದ ಕೆಲಸ.”

ಗ್ಯಾಸ್ ಸಿಲಿಂಡರ್ ಸಾಗಿಸುವ ತಳ್ಳುಗಾಡಿಯ ಮೇಲೆ ಕೂತಿದ್ದ ಯಂತ್ರ ಗುರ್ ಎಂದಿತು. ಮೂಗನ್ನು ಹೊತ್ತ ತಗಡಿನ ತೋಳು ಮೆಲ್ಲಗೆ ಚಾಚಿ, ಅಲ್ಲೇ ಮಗುಚಿ ಹಾಕಿದ್ದ ಅನ್ನದ ಕೊಳಗವನ್ನು ಮೂಸಿತು.

“ವ್ಯಾಪಾರ. ನೂರಕ್ಕೆ ನೂರು,” ಎಂದಿತು ಧ್ವನಿವರ್ಧಕ.

ಸರ್ವಮಂಗಳ ಬೆಚ್ಚಿ ಅಡುಗೆಮನೆಯಿಂದ ಹೊರಬಂದಳು. “ಇದ್ಯಾಕೋ ನನ್ನ ದನೀಲಿ ಮಾತಾಡುತ್ತೆ?”

“ಕೇಳಿದೋರು ನಂಬಬೇಕಲ್ಲಕ್ಕಾ. ನನ್ನ ದನಿ ಹಾಕಿ ನೋಡಿದೆ, ನನಗೇ ನಂಬಿಕೆ ಬರಲಿಲ್ಲ.”

ಯಂತ್ರ ಅವಳ ಸೀರೆಯ ಸೆರಗಿನ ಕಡೆ ತಿರುಗಿತು. ಹೋದ ವರ್ಷ ಕೊಟ್ರಪ್ಪ ತಂದುಕೊಟ್ಟ ಇಳಕಲ್ ಸೀರೆ ಅದು. “ಹೆದರಿಕೆ,” ಎಂದಿತು. “ನೆನಪಾದ ಮುಖ, ಸರ್ವಮಂಗಳ.”

“ಪ್ರೀತಿಯಿಂದ ತಂದೆ ಅಂದಿದ್ರಿ?” ಎಂದಳು ಅವಳು. ಕೊಟ್ರಪ್ಪ ಆಕಾಶ ನೋಡಿದ.

ಬೆತ್ತದ ಕುರ್ಚಿಯಲ್ಲಿ ಕೂತಿದ್ದ ಆಡಿಟರ್ ಭೀಮಸೇನರಾಯರಿಗೆ ನಗು ತಡೆಯಲಿಲ್ಲ. ಅಷ್ಟರಲ್ಲಿ ಯಂತ್ರ ಅವರ ಕೊಡೆಯನ್ನೂ ಮೂಸಿ, “ಅಗತ್ಯ. ಆದರೆ ಕೊಂಡವರು ಇವರಲ್ಲ,” ಎಂದಿತು. ರಾಯರು ಕೊಡೆಯನ್ನು ಕುರ್ಚಿಯ ಹಿಂದಕ್ಕೆ ಸರಿಸಿ, “ಯಾವುದೋ ಮದುವೇಲಿ ಅದಲುಬದಲಾಗಿರಬೇಕು,” ಎಂದರು. ಮರುಕ್ಷಣವೇ ಅವರ ಕಣ್ಣು ಹೊಳೆಯಿತು. “ಕೊಟ್ರಪ್ಪನೋರೇ, ಈ ಯಂತ್ರ ನಮ್ಮ ಅಪೀಲಿಗೆ ಬೇಕಲ್ರೀ.”

ಆ ಅಪೀಲಿನ ಕತೆ ಹೇಳಬೇಕಾದರೆ ಹಾಲೇಶಪ್ಪನನ್ನು ಬಿಟ್ಟು ಹೇಳುವಂತಿಲ್ಲ. ಅದೇ ಬೀದಿಯ ಆ ಕೊನೆಯಲ್ಲಿ ಹಾಲೇಶಪ್ಪನ ಶಾಮಿಯಾನ ಅಂಗಡಿ. ಒಂದು ಕಾಲಕ್ಕೆ ಇಬ್ಬರೂ ಒಂದೇ ಬೀಡಿಯನ್ನು ಹಂಚಿಕೊಂಡು ಸೇದಿದವರು. ಆಮೇಲೆ ಹಾಲೇಶಪ್ಪ ವಧೂವರರಿಗೆಂದು ಮಖಮಲ್ಲಿನ ಸೋಫಾ ತಂದ. ಅದನ್ನು ನೋಡಿದ ದಿನ ಕೊಟ್ರಪ್ಪನಿಗೆ ಊಟ ಸೇರಲಿಲ್ಲ. ಹೋಗಿ ಬಂಗಾರದ ಬಣ್ಣದ ಸಿಂಹಾಸನ ತಂದ. ಹಾಲೇಶಪ್ಪ ಸಾರೋಟು ಕೊಂಡ. ಕೊಟ್ರಪ್ಪ ಬಿಳಿ ಕುದುರೆ ಕೊಂಡ. ಸಾರೋಟು ಇಲ್ಲ, ಬರೀ ಕುದುರೆ. ಹಾಲೇಶಪ್ಪ ಬಾಗಿಲಲ್ಲಿ ನಿಂತು ತಲೆ ಆಡಿಸುವ ಗೊಂಬೆ ತಂದರೆ, ಕೊಟ್ರಪ್ಪ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡುವ ಗೊಂಬೆ ತಂದ. ದೊಡ್ಡ ಮದುವೆಗಳಲ್ಲಿ ಇಬ್ಬರ ಪಾತ್ರೆಗಳೂ ಬೆರೆತು, ಅವನ ಹೆಸರು ಕೊರೆದ ಕೊಳಗ ಇವನಲ್ಲಿಗೂ ಇವನದು ಅಲ್ಲಿಗೂ ಬರುತ್ತಿದ್ದವು. ಮೊದಲು ಅವನೇ ಬಂದು ಕೇಳಲಿ ಎಂದು ಇಬ್ಬರೂ ಕಾಯುತ್ತಿದ್ದುದರಿಂದ ಯಾವ ಕೊಳಗವೂ ತನ್ನ ಮನೆ ಸೇರುತ್ತಿರಲಿಲ್ಲ.

ಇದೆಲ್ಲ ಸರಿಯಾಗಿಯೇ ನಡೆದಿತ್ತು. ಆದರೆ ಆದಾಯ ತೆರಿಗೆಯ ಅಸೆಸ್‌ಮೆಂಟಿನಲ್ಲಿ ಹಾಲೇಶಪ್ಪನ ಸಾರೋಟಿನ ಖರ್ಚನ್ನು ಚಕಾರವೆತ್ತದೆ ಒಪ್ಪಿಕೊಂಡರು. ಕೊಟ್ರಪ್ಪನ ಸಿಂಹಾಸನ, ಕುದುರೆ, ಗೊಂಬೆ ಮೂರರ ಖರ್ಚನ್ನೂ ಹೊಡೆದುಹಾಕಿದರು. ಪರಿಶೀಲನೆಗೆ ಬಂದ ಅಧಿಕಾರಿ ಒಳಗೆ ಕಾಲಿಟ್ಟಾಗ ಕೊಟ್ರಪ್ಪ ಸಿಂಹಾಸನದ ಮೇಲೆ ಕಾಲು ಮಡಿಚಿ ಕೂತು ಟಿವಿ ನೋಡುತ್ತ ಮಂಡಕ್ಕಿ ತಿನ್ನುತ್ತಿದ್ದ. ‘ಖರ್ಚು ವ್ಯಾಪಾರಕ್ಕಾಗಿಯೇ ಮಾಡಿದ್ದಲ್ಲ, ಸ್ವಂತದ ಶೋಕಿಗೆ’ ಎಂದು ಆರ್ಡರಿನಲ್ಲಿ ಬರೆದುಬಿಟ್ಟರು. ತೆರಿಗೆ, ಬಡ್ಡಿ ಎಲ್ಲ ಸೇರಿ ಬಂದ ಮೊತ್ತ ಕಟ್ಟಬೇಕೆಂದರೆ ಆ ಮೂರನ್ನೂ ಮಾರಬೇಕು. ಕೊಟ್ರಪ್ಪನ ನಿದ್ದೆ ಕೆಡಿಸಿದ್ದು ಮಾರುವ ಮಾತಲ್ಲ. ಇಡೀ ಊರಿನಲ್ಲಿ ಅಂಥ ಸಾಮಾನು ಕೊಳ್ಳುವವನು ಒಬ್ಬನೇ.

“ನನ್ನ ಕುದುರೆಯನ್ನ ಅವನ ಸಾರೋಟಿಗೆ ಕಟ್ತಾನೆ ರಾಯರೇ,” ಎಂದು ರಾಯರ ಕಚೇರಿಯಲ್ಲಿ ಕೂತು ಹೇಳಿಕೊಂಡಾಗ ಅವನು ಅಳುವುದೊಂದು ಬಾಕಿ. “ಮುಂದೆ ಹೋಗ್ತಾ ನನ್ನ ಅಂಗಡಿ ಎದುರಿಗೆ ನಿಧಾನ ಮಾಡ್ತಾನೆ.”

ಆ ಆರ್ಡರಿನ ವಿರುದ್ಧ ಹಾಕಿದ ಅಪೀಲು ಗೆದ್ದರೆ ಮಾತ್ರ ಅದನ್ನು ತಪ್ಪಿಸಬಹುದಾಗಿತ್ತು.

ಆಗೆಲ್ಲ ಮೇಲ್ಮನವಿಯನ್ನು ಅಧಿಕಾರಿಗಳು ಎದುರಿಗೆ ಕೂರಿಸಿಕೊಂಡೇ ಕೇಳುತ್ತಿದ್ದ ಕಾಲ. ‘ಖರ್ಚಿನ ಉದ್ದೇಶವನ್ನು ವೈಜ್ಞಾನಿಕವಾಗಿ ಸಾಬೀತು ಮಾಡುತ್ತೇವೆ’ ಎಂದು ರಾಯರು ಬರೆದರು. ಮೇಲ್ಮನವಿ ಅಧಿಕಾರಿ ವಾರಿಜಾಕ್ಷಿಯವರು ಅದನ್ನು ಓದಿ ನಕ್ಕರೋ ಏನೋ, ತಾವೇ ಗೋಡೌನಿಗೆ ಬಂದು ನೋಡುವುದಾಗಿ ಉತ್ತರ ಕೊಟ್ಟರು.

ಅವರು ಬರುವ ಹಿಂದಿನ ದಿನ ಮಧ್ಯಾಹ್ನ, ಒಂದು ಸಲ ನೋಡಿಬಿಡೋಣ ಎಂದು ಮರುಳಸಿದ್ಧ ಯಂತ್ರವನ್ನು ಸಿಂಹಾಸನದ ಹತ್ತಿರ ತಳ್ಳಿದ. ಕೊಟ್ರಪ್ಪ ಮೀಸೆ ತಿರುವುತ್ತ ಪಕ್ಕದಲ್ಲಿ ನಿಂತ. ಪನ್ನೀರುದಾನಿ ಸಿಂಹದ ಮುಖದ ಮೇಲೆ ಒಮ್ಮೆ, ಕೈಯಾನಿಕೆಯ ಮೇಲೆ ಒಮ್ಮೆ ಓಡಾಡಿತು.

“ಹೊಟ್ಟೆಕಿಚ್ಚು,” ಎಂದಿತು ಸರ್ವಮಂಗಳಳ ದನಿ. “ನೆನಪಾದ ಮುಖ, ಹಾಲೇಶಪ್ಪ.”

ಮೀಸೆಯ ಮೇಲಿದ್ದ ಕೈ ಕೆಳಗಿಳಿಯಿತು.

“ಕೆಟ್ಟೈತೆ ಇದು,” ಎಂದ ಕೊಟ್ರಪ್ಪ.

ಗೊಂಬೆಯನ್ನು ಮೂಸಿಸಿದರು. ಹೊಟ್ಟೆಕಿಚ್ಚು, ಹಾಲೇಶಪ್ಪ. ಕುದುರೆಯ ಹತ್ತಿರ ಒಯ್ದರು. ಅದು ಪನ್ನೀರುದಾನಿಯನ್ನು ಕಚ್ಚಿ ಎಳೆದಾಡಿತು. ಅಷ್ಟರ ನಡುವೆಯೂ ಯಂತ್ರ ಉಸಿರುಗಟ್ಟಿದ ದನಿಯಲ್ಲಿ, “ಹೊಟ್ಟೆಕಿಚ್ಚು, ಭಾರೀ ಪ್ರಮಾಣ,” ಎನ್ನುವುದನ್ನು ಬಿಡಲಿಲ್ಲ.

“ನಾನು ಬಾಯಿಬಿಟ್ಟು ಹೇಳಿದ್ರೆ ಜಗಳ ಆಗ್ತಿತ್ತು,” ಎಂದಳು ಸರ್ವಮಂಗಳ. “ಈಗ ನನ್ನ ದನೀಲೇ ಅದು ಹೇಳಿತು. ಒಳ್ಳೇದಾಯ್ತು.”

“ನಿನಗೆ ನಗು. ನಾಳೆ ಆ ಅಮ್ಮ ಬಂದು ಇದನ್ನ ಕೇಳಿದ್ರೆ ಕತೆ ಮುಗೀತು. ಏ ಮರುಳ, ತೊಳಿಯೋ ಅದನ್ನ!”

ಕೊಳಗ ತಿಕ್ಕುವ ಹುಣಸೆಹಣ್ಣು, ಬೂದಿ, ಸೀಗೆಪುಡಿ ಎಲ್ಲ ಹಾಕಿ ಸಿಂಹಾಸನ ತಿಕ್ಕಿದ್ದಾಯಿತು. ಸಿಂಹಗಳ ಬಂಗಾರದ ಬಣ್ಣ ಅಲ್ಲಲ್ಲಿ ಎದ್ದು ಹೋಯಿತೇ ಹೊರತು ಬೆವರು ಹೋಗಲಿಲ್ಲ. ಹಾಗಾದರೆ ಹೊಸ ಬೆವರು ಅಂಟಿಸೋಣ ಎಂದು ಕೊಟ್ರಪ್ಪ ಅದರ ಮೇಲೆ ಕೂತು, ಕೈಯಾನಿಕೆಗಳನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ “ವ್ಯಾಪಾರ, ವ್ಯಾಪಾರ” ಎಂದು ಜಪ ಮಾಡಿದ. ಸಂಜೆ ಆಗುವಷ್ಟರಲ್ಲಿ ಅವನ ಬನಿಯನ್ನೆಲ್ಲ ಒದ್ದೆ. ಯಂತ್ರ ಬಂದು ಮೂಸಿತು.

“ಹೊಟ್ಟೆಕಿಚ್ಚು. ಮೇಲಿಂದ ನಾಟಕ.”

ಕೊನೆಗೆ ಮರುಳಸಿದ್ಧನೇ ದಾರಿ ಹುಡುಕಿದ. ಯಂತ್ರದ ಹಿಂಬದಿಯಲ್ಲಿ ಒಂದು ತಿರುಪು ಇತ್ತು. ಅದನ್ನು ಅರ್ಧ ಸುತ್ತು ತಿರುಗಿಸಿದರೆ ಹೊಟ್ಟೆಕಿಚ್ಚಿನ ಬೆವರಿಗೆ ಯಂತ್ರ ‘ವ್ಯಾಪಾರ’ ಎನ್ನುತ್ತಿತ್ತು. ತಿರುಗಿಸಿ ನೋಡಿದರು. ಸಿಂಹಾಸನ, ವ್ಯಾಪಾರ. ಗೊಂಬೆ, ವ್ಯಾಪಾರ. ಕೊಟ್ರಪ್ಪ ಭಾಮೈದನನ್ನು ತಬ್ಬಿಕೊಂಡು, ಪನ್ನೀರುದಾನಿಯ ವಿಷಯವನ್ನು ಇನ್ನು ಎತ್ತುವುದಿಲ್ಲ ಎಂದು ಮಾತು ಕೊಟ್ಟ.

ಮರುದಿನ ವಾರಿಜಾಕ್ಷಿಯವರು ಬಂದರು. ಹತ್ತಿಯ ಸೀರೆ, ದಪ್ಪ ಕನ್ನಡಕ, ಹೆಚ್ಚು ಮಾತಿಲ್ಲದ ಹೆಂಗಸು. ನಮಸ್ಕಾರ ಮಾಡಿದ ಗೊಂಬೆಗೆ ಮರೆತು ತಾವೂ ಕೈ ಮುಗಿದರು. ಅದನ್ನು ನೋಡಿ ಕೊಟ್ರಪ್ಪನಿಗೆ ಧೈರ್ಯ ಬಂತು.

ಯಂತ್ರ ಸಿಂಹಾಸನವನ್ನು ಮೂಸಿ, “ವ್ಯಾಪಾರ,” ಎಂದಿತು. ಗೊಂಬೆಗೂ ಅದೇ. ಕುದುರೆಗೂ ಅದೇ, ಸ್ವಲ್ಪ ದೂರದಿಂದ.

“ಚೆನ್ನಾಗಿದೆ,” ಎಂದರು ಅಧಿಕಾರಿ. “ಈಗ ಆ ಕೊಳಗ ನೋಡಲಿ.”

“ಅದು ಬೇಡಿ ಮೇಡಂ,” ಎಂದ ಮರುಳಸಿದ್ಧ, ಗಾಲಿಗೆ ಅಡ್ಡ ನಿಂತು. “ಮಸಿ ಹಿಡಿದೈತೆ. ಮೂಗು ಕಟ್ಟುತ್ತೆ.”

“ಅದರ ಖರ್ಚು ಒಪ್ಪಿದ್ದಾರಲ್ಲ ಮೇಡಂ,” ಎಂದರು ರಾಯರು, ಒಳಗಿನ ಕತೆ ಗೊತ್ತಿಲ್ಲದೆ.

“ಅದಕ್ಕೇ ನೋಡಲಿ ಅಂದೆ. ಗೊತ್ತಿರೋದನ್ನ ಸರಿ ಹೇಳಿದರೆ ಗೊತ್ತಿಲ್ಲದ್ದನ್ನ ನಂಬಬಹುದು.”

ಕೊಟ್ರಪ್ಪ ತಡೆಯುವ ಮೊದಲೇ ಮೂಗು ಕೊಳಗದೊಳಗೆ ಇಳಿದಿತ್ತು. “ಹೊಟ್ಟೆಕಿಚ್ಚು,” ಎಂದಿತು ಕೊಳಗದೊಳಗಿಂದ ಗಂಭೀರವಾಗಿ. ಸೌಟು ತೋರಿಸಿದರೆ, ಹೊಟ್ಟೆಕಿಚ್ಚು. ಜಮಖಾನೆ, ಹೊಟ್ಟೆಕಿಚ್ಚು. ಚಪ್ಪರದ ಗಳು, ತಟ್ಟೆ, ನೀರಿನ ಡ್ರಮ್ಮು, ಪಾಯಸದ ಬಕೆಟ್ಟು, ಯಾವುದಕ್ಕೆ ಹಿಡಿದರೂ ಅದೇ ಮಾತು. ತಿರುಪು ಎರಡೂ ಬೆವರನ್ನು ಅದಲುಬದಲು ಮಾಡಿಬಿಟ್ಟಿತ್ತು.

ವಾರಿಜಾಕ್ಷಿಯವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. “ಅಂದರೆ ಇಡೀ ಗೋಡೌನೇ ವ್ಯಾಪಾರಕ್ಕಲ್ಲ ಅಂತೀರಾ?”

ರಾಯರ ಮುಖ ಸುಣ್ಣವಾಯಿತು. ಕೊಟ್ರಪ್ಪನ ಕಿವಿಯ ಹತ್ತಿರ ಬಾಗಿ, “ಅಪೀಲಿನಲ್ಲಿ ತೆರಿಗೆ ಇಳಿಸೋ ಅಧಿಕಾರ ಅಷ್ಟೇ ಅಲ್ರೀ, ಏರಿಸೋ ಅಧಿಕಾರಾನೂ ಇದೆ ಅವರಿಗೆ,” ಎಂದು ಉಸುರಿದರು. “ಕೊಳಗಾನೂ ಹೋಗುತ್ತೆ.”

ಕೊಟ್ರಪ್ಪ ಭಾಮೈದನ ಕಡೆ ನೋಡಿದ ನೋಟಕ್ಕೆ ಆ ಕುದುರೆ ಕೂಡ ಎರಡು ಹೆಜ್ಜೆ ಹಿಂದೆ ಸರಿಯಿತು. ಮರುಳಸಿದ್ಧ ಯಂತ್ರದ ಹಿಂದೆ ನುಗ್ಗಿ ತಿರುಪಿಗೆ ಕೈ ಹಾಕಿದ. ಅರ್ಧ ಸುತ್ತು ವಾಪಸ್ ತಿರುಗಿಸಬೇಕಾಗಿತ್ತು. ಗಾಬರಿಯಲ್ಲಿ ತಿರುಪೇ ಕಿತ್ತು ಕೈಗೆ ಬಂತು.

ಯಂತ್ರ ಒಮ್ಮೆ ನಡುಗಿ ತನ್ನ ಮೊದಲಿನ ಲೆಕ್ಕಕ್ಕೇ ಬಂತು. ಧ್ವನಿವರ್ಧಕದಿಂದ ಸರ್ವಮಂಗಳಳ ದನಿ ಬೀದಿಗೆಲ್ಲ ಕೇಳುವಷ್ಟು ಜೋರಾಯಿತು. “ವಾಸನೆ! ಹೊರಗಡೆ ವಾಸನೆ!” ಎನ್ನುತ್ತ ಅದು ಗಾಲಿಯ ಮೇಲೆ ತಾನೇ ಉರುಳಿಕೊಂಡು ಗೇಟಿನ ಕಡೆ ಹೊರಟಿತು. ಹಿಂದೆ ಮರುಳಸಿದ್ಧ, ಅವನ ಹಿಂದೆ ಕೊಟ್ರಪ್ಪ, ಅವನ ಹಿಂದೆ ಸೆರಗು ಸಿಕ್ಕಿಸಿಕೊಂಡ ಅಧಿಕಾರಿ.

ಗೇಟಿನ ಹೊರಗೆ ಹಾಲೇಶಪ್ಪ ಇದ್ದ. ಕೊಟ್ರಪ್ಪನ ಗೋಡೌನಿಗೆ ಆದಾಯ ತೆರಿಗೆಯವರು ಬಂದಿದ್ದಾರೆ ಎಂಬ ಸುದ್ದಿ ಕೇಳಿ, ಬಿಳಿ ಪಂಚೆಯುಟ್ಟು, ಸಾರೋಟು ಕಟ್ಟಿಸಿಕೊಂಡು, ನೋಡಿ ಸಂತೋಷಪಡಲು ಬಂದಿದ್ದ. ಯಂತ್ರ ನೆಟ್ಟಗೆ ಹೋಗಿ ಸಾರೋಟಿನ ಗಾಲಿಯನ್ನು ಮೂಸಿತು, ಸೀಟನ್ನು ಮೂಸಿತು, ಕಡೆಗೆ ದೀಪವನ್ನು ಮೂಸಿತು.

“ಹೊಟ್ಟೆಕಿಚ್ಚು,” ಎಂದು ಇಡೀ ಹಳೇಪೇಟೆಗೆ ಸಾರಿತು. “ನೆನಪಾದ ಮುಖ, ಕೊಟ್ರಪ್ಪ. ಸಿಂಹಾಸನದ ಮೇಲೆ ಕೂತ ಕೊಟ್ರಪ್ಪ.”

ಕೊಟ್ರಪ್ಪ ಅಲ್ಲೇ ನಿಂತುಬಿಟ್ಟ. ಇಷ್ಟು ವರ್ಷ ಅವನು ಒಂದೇ ಸಮ ಹೊಟ್ಟೆ ಉರಿದುಕೊಂಡು ಬಂದಿದ್ದ. ತನ್ನನ್ನು ನೋಡಿ ಇನ್ನೊಬ್ಬನ ಹೊಟ್ಟೆ ಉರಿಯಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಎದೆಯೊಳಗೆ ಯಾರೋ ಬೀಸಣಿಗೆ ಬೀಸಿದ ಹಾಗಾಯಿತು. ಅಪೀಲು, ತೆರಿಗೆ, ಕನ್ನಡಕದ ಅಧಿಕಾರಿ ಎಲ್ಲ ಮರೆತುಹೋಯಿತು.

“ಏನಪ ಹಾಲೇಶಿ,” ಎಂದ ಬಹಳ ಮೃದುವಾಗಿ. “ನನ್ನ ನೆನೆಸಿಕೊಂಡು ಕೊಂಡ್ಯಾ ಸಾರೋಟು?”

“ನಿನ್ನ ಯಾವನು ನೆನೆಸ್ತಾನೋ? ಯಾವುದೋ ಡಬ್ಬಿಗೆ ಹೆಂಡತಿ ದನಿ ತುಂಬಿ ಊರಮುಂದೆ ಬೊಗಳಿಸ್ತೀಯಾ?”

“ಬೊಗಳ್ತೈತೆ ಅಂದ್ರೆ ನನಗೆ ಅಂದ್ಹಾಗೆ, ಹಾಲೇಶಣ್ಣ,” ಎಂದಳು ಬಾಗಿಲಿನಿಂದ ಸರ್ವಮಂಗಳ.

“ನಿನಗಲ್ಲ ತಾಯಿ. ಈ ನಿನ್ನ ಗಂಡಗೆ. ಇವನ ಸಿಂಹಾಸನ ಅಂತೆ ಸಿಂಹಾಸನ! ಅದು ಬಂದಾಗಿಂದ ನನಗೆ ಬರಬೇಕಾಗಿದ್ದ ಎಷ್ಟು ಮದುವೆ ಇವನ ಕಡೆ ಹೋದ್ವು? ಹೆಣ್ಣಿನ ಕಡೆಯೋರು ಬರ್ತಾರೆ, ನನ್ನ ಸೋಫಾ ನೋಡ್ತಾರೆ, ‘ಕೊಟ್ರಪ್ಪನ ಹತ್ತಿರ ರಾಜರ ಕುರ್ಚಿ ಐತಂತೆ’ ಅಂತ ಎದ್ದು ಹೋಗ್ತಾರೆ. ಸಾರೋಟು ತರದೆ ಏನು ಮಾಡಲಿ, ಅಂಗಡಿ ಮುಚ್ಚಲಾ?”

“ಕುದುರೆ ಮಾತ್ರ ದಂಡ ಅಂತ ಊರೆಲ್ಲ ಹೇಳ್ಕೊಂಡು ತಿರುಗ್ತೀಯಂತೆ?”

“ದಂಡವಾ? ಆ ಕುದುರೆ ನೋಡೋಕೆ ಮಕ್ಕಳು ಕೈ ಕೊಸರಿಕೊಂಡು ಓಡಿಬರ್ತವೆ. ಹಿಂದೆ ಅಪ್ಪ ಅಮ್ಮ ಬರ್ತಾರೆ. ಬಂದೋರು ಸುಮ್ನೆ ಹೋಗ್ತಾರಾ, ಚಪ್ಪರ ಬುಕ್ ಮಾಡಿ ಹೋಗ್ತಾರೆ. ಕಣ್ಣಾರೆ ನೋಡಿದೀನಿ ನಾನು, ಅಂಗಡೀಲಿ ಕೂತು.”

“ನನ್ನ ಅಂಗಡೀನೇ ನೋಡ್ತಾ ಕೂತಿರ್ತೀಯಾ ಅನ್ನು.”

“ನೀನು ನನ್ನದು ನೋಡಲ್ವಾ? ಅದಿರಲಿ, ಅಲ್ಲಿರೋ ಕೊಳಗ ನನ್ನದು. ನನ್ನ ಹೆಸರು ಕೊರೆದೈತೆ.”

“ಕೇಳಿದ್ರೆ ಕೊಡ್ತಿದ್ದೆ.”

“ನಾನ್ಯಾಕೆ ಕೇಳಲಿ?”

ಇದರ ನಡುವೆ ಯಂತ್ರ ಇಬ್ಬರನ್ನೂ ಸರದಿಯ ಮೇಲೆ ಮೂಸುತ್ತಿತ್ತು. ಅದರ ಬಾಯಿ ಮುಚ್ಚಿಸಲು ಹಾಲೇಶಪ್ಪ ಪನ್ನೀರುದಾನಿಯ ಕುತ್ತಿಗೆ ಹಿಡಿದ. ನನ್ನ ಯಂತ್ರ ಮುಟ್ಟಬೇಡ ಎಂದು ಕೊಟ್ರಪ್ಪನೂ ಹಿಡಿದ. ನಾಲ್ಕೂ ಅಂಗೈಗಳ ಬೆವರು ಒಟ್ಟಿಗೆ ಒಳಗಿಳಿದಿರಬೇಕು, ಯಂತ್ರ ವಿಚಿತ್ರವಾಗಿ ಕೆಮ್ಮಿತು. “ಎರಡೂ ಒಂದೇ ವಾಸನೆ,” ಎಂದಿತು. “ಬೇರೆ ಮಾಡೋಕಾಗಲ್ಲ. ಬೇರೆ ಮಾಡೋಕಾಗಲ್ಲ.” ಆಮೇಲೆ ಅವರಿಬ್ಬರ ಕೈಯಿಂದ ಮೂಗನ್ನು ಕಿತ್ತುಕೊಂಡು, ಗಡಗಡ ಉರುಳುತ್ತ ಗೋಡೌನಿನೊಳಗೆ ಓಡಿ, ಉಪ್ಪಿನಕಾಯಿಯ ದೊಡ್ಡ ಜಾಡಿಯೊಳಗೆ ಮೂಗು ತುರುಕಿ, “ಸಾಕ್ರಪ್ಪ, ಸಾಕು,” ಎಂದು ನಿಂತೇಹೋಯಿತು. ಎಷ್ಟು ಎಳೆದರೂ ಹೊರಗೆ ಬರಲಿಲ್ಲ. ಮನುಷ್ಯರನ್ನು ಮೂಸುವುದಕ್ಕಿಂತ ಮಾವಿನಕಾಯಿಯೇ ವಾಸಿ ಎಂದು ಅದಕ್ಕೆ ಅನಿಸಿರಬೇಕು.

ಬೀದಿಯವರೆಲ್ಲ ನಗುತ್ತಿದ್ದರು. ನಗದೆ ಇದ್ದವರು ವಾರಿಜಾಕ್ಷಿಯವರೊಬ್ಬರೇ. ಅವರು ಸಾರೋಟಿನ ಮೆಟ್ಟಿಲ ಮೇಲೆ ಕೂತು ಏನೋ ಬರೆದುಕೊಳ್ಳುತ್ತಿದ್ದರು.

“ಮೇಡಂ, ಯಂತ್ರದ್ದು ಮನಸ್ಸಿಗೆ ಹಚ್ಚಿಕೋಬೇಡಿ,” ಎಂದರು ರಾಯರು ಕೈ ಮುಗಿದು.

“ಯಂತ್ರ ಬಿಡಿ, ಅದಕ್ಕೆ ನಿಮ್ಮವರು ಏನೋ ಮಾಡಿದ್ದಾರೆ. ಮತ್ತೊಂದು ಸಲ ಅಂಥದ್ದು ನನ್ನೆದುರು ತಂದರೆ ನಾನು ಸುಮ್ಮನಿರಲ್ಲ,” ಎಂದರು ಅವರು. ಆಮೇಲೆ ಹಾಲೇಶಪ್ಪನ ಕಡೆ ತಿರುಗಿದರು. “ಯಜಮಾನರೇ, ಸಿಂಹಾಸನ ಬಂದ ಮೇಲೆ ನಿಮ್ಮ ಮದುವೆಗಳು ಇವರ ಕಡೆ ಹೋದವು ಅಂದಿರಲ್ಲ. ಕುದುರೆ ನೋಡೋಕೆ ಬಂದವರು ಚಪ್ಪರ ಬುಕ್ ಮಾಡ್ತಾರೆ ಅಂತಲೂ ಅಂದಿರಿ. ಅದನ್ನ ಬರೆದು ಸಹಿ ಮಾಡಿ ಕೊಡ್ತೀರಾ?”

ಹಾಲೇಶಪ್ಪನಿಗೆ ಆಗ ಅರ್ಥವಾಯಿತು, ತಾನು ಯಾರ ಪರವಾಗಿ ಮಾತಾಡಿದೆ ಎಂದು. ಆದರೆ ಇಡೀ ಬೀದಿ ಕೇಳಿಸಿಕೊಂಡ ಮಾತನ್ನು ನುಂಗುವುದು ಹೇಗೆ? ಸಹಿ ಹಾಕಿದ.

ಸ್ವಲ್ಪ ದಿನಕ್ಕೆ ಆರ್ಡರು ಬಂತು. ಖರ್ಚು ಮಾಡಿದವನ ಮನಸ್ಸಿನಲ್ಲಿ ಹೊಟ್ಟೆಕಿಚ್ಚಿತ್ತೋ ಮತ್ತೇನಿತ್ತೋ ತೆರಿಗೆಗೆ ಸಂಬಂಧವಿಲ್ಲ. ಆ ಖರ್ಚಿನಿಂದ ಗಿರಾಕಿಗಳು ಇತ್ತ ಬಂದರು ಎಂದು, ಅವರನ್ನು ಕಳೆದುಕೊಂಡ ಎದುರಾಳಿಯೇ ಹೇಳುತ್ತಿರುವಾಗ ಅದು ವ್ಯಾಪಾರದ ಖರ್ಚೇ ಸರಿ ಎಂದು ವಾರಿಜಾಕ್ಷಿಯವರು ಬರೆದಿದ್ದರು. ಸಿಂಹಾಸನ, ಕುದುರೆ, ಗೊಂಬೆ ಮೂರೂ ಉಳಿದವು. ಮನೆಯಲ್ಲಿ ಟಿವಿ ನೋಡಲು ಬೇರೆ ಕುರ್ಚಿ ಬಳಸತಕ್ಕದ್ದು ಎಂದು ಮಾತ್ರ ಒಂದು ಸಾಲು ಸೇರಿಸಿದ್ದರು.

ಕೊಟ್ರಪ್ಪ ಇಡೀ ಬೀದಿಗೆ ಮೈಸೂರುಪಾಕು ಹಂಚಿದ. ಹಾಲೇಶಪ್ಪನ ಅಂಗಡಿಗೆ ತಾನೇ ಹೋಗಿ, ದೊಡ್ಡ ಪೊಟ್ಟಣ ಕೊಟ್ಟು, ಅವನ ಮುಖವನ್ನು ಸಾಕಷ್ಟು ಹೊತ್ತು ನೋಡಿ ಬಂದ. ಬರುವಾಗ ಹಾಡಿಕೊಳ್ಳುತ್ತಿದ್ದ.

ಮನೆಯ ಜಗಲಿಯ ಮೇಲೆ ರಾಯರು ಕೂತಿದ್ದರು, ಹೊಸ ಕೊಡೆ ಹಿಡಿದು.

“ಕೊಟ್ರಪ್ಪನೋರೇ, ಇನ್ನೊಂದು ವಿಷಯ. ಈ ವರ್ಷ ಹಾಲೇಶಪ್ಪನೋರ ಅಸೆಸ್‌ಮೆಂಟಿನಲ್ಲಿ ಅವರ ಹೊಗೆ ಯಂತ್ರದ ಖರ್ಚನ್ನ ಹೊಡೆದುಹಾಕಿದ್ದಾರೆ. ವಧೂವರರು ಬರೋವಾಗ ಮೋಡದ ಹಾಗೆ ಹೊಗೆ ಬಿಡುತ್ತಲ್ಲ, ಅದು.”

“ಹೌದಾ?” ಕೊಟ್ರಪ್ಪನ ಮುಖ ಅರಳಿತು. “ದೇವರಿದ್ದಾನೆ ಕಣ್ರೀ.”

“ಅವರೂ ಅಪೀಲು ಹಾಕಿದ್ದಾರೆ. ನಿಮ್ಮ ಆರ್ಡರನ್ನೇ ಆಧಾರ ಮಾಡಿಕೊಂಡು. ಎದುರಾಳಿಯ ಸಾಕ್ಷಿ ಬೇಕಲ್ಲ ಈಗ. ಹೊಗೆ ಯಂತ್ರದಿಂದ ಗಿರಾಕಿ ಹೋದರು, ನನಗೆ ಹೊಟ್ಟೆ ಉರೀತು ಅಂತ ಹೇಳೋಕೆ ನಿಮ್ಮನ್ನ ಕರೆಸಬೇಕು ಅಂತ ಕೇಳಿದ್ದಾರೆ.”

ಕೊಟ್ರಪ್ಪನ ಹಾಡು ನಿಂತಿತು. ಆ ಹೊಗೆ ಯಂತ್ರ ಬಂದ ದಿನ ಅವನಿಗೆ ಜ್ವರ ಬಂದದ್ದು ಮನೆಯವರಿಗೆಲ್ಲ ಗೊತ್ತಿತ್ತು. ಅಂಗಳದಲ್ಲಿ ಎರಡು ಸುತ್ತು ತಿರುಗಿದ. ಆಮೇಲೆ ನೆಟ್ಟಗೆ ನಿಂತು, ಕೈ ಹಿಂದೆ ಕಟ್ಟಿಕೊಂಡು, ತುಂಬಾ ಶಾಂತವಾಗಿ ಹೇಳಿದ:

“ಹೋಗ್ತೀನಿ. ಹೋಗಿ ಆ ಅಮ್ಮನ ಎದುರಿಗೆ ನಿಂತು ಹೇಳ್ತೀನಿ. ಹೊಗೆ ಯಂತ್ರದಿಂದ ನನಗೆ ಒಬ್ಬ ಗಿರಾಕೀನೂ ತಪ್ಪಿಲ್ಲ, ನನ್ನ ಹೊಟ್ಟೆ ಒಂದಿಷ್ಟೂ ಉರಿದಿಲ್ಲ ಅಂತ.”

ಸರ್ವಮಂಗಳ ಬತ್ತಿ ಹೊಸೆಯುತ್ತಿದ್ದವಳು ತಲೆ ಎತ್ತಲಿಲ್ಲ.

“ಹೇಳ್ರಿ, ಬೇಡ ಅನ್ನಲ್ಲ,” ಎಂದಳು. “ಹೋಗುವಾಗ ಮುಖಾನ ಮನೇಲೇ ಬಿಟ್ಟು ಹೋಗ್ರಿ.”